ಶಿವಡಿಯ ರಾಜಹಂಸಗಳು



ಹೋದ ರವಿವಾರ ನಮ್ಮ ವಾಚನಾಲಯದ ಆರು ಮಂದಿ ಹಾರ್ಬರ್ ಲೈನಿನ ಶಿವಡಿಯಲ್ಲಿಳಿದು, ಪೂರ್ವಕ್ಕೆ ಖಾಡಿಯ ದಂಡೆಗೆ ನಡೆದೆವು. ಚಳಿಗಾಲದಲ್ಲಿ ಅಲ್ಲಿಗೆ ರಾಜಹಂಸಗಳು ಹಿಂಡುಹಿಂಡಾಗಿ ಬಂದು, ಮಳೆಗಾಲಕ್ಕೆ ಮುನ್ನ ಮರಳುತ್ತವೆ. ಕಚ್ಛದ ರಣದಲ್ಲಿ ಅವು ಮರಿಮಾಡುತ್ತವೆ. ಸಮುದ್ರ ಇಳಿದು ಕೆಸರು ತೆರೆದಾಗ, ಕೊಕ್ಕನ್ನು ತಲೆಕೆಳಗು ಮಾಡಿ ಪಾಚಿಯನ್ನೂ ಸಣ್ಣ ಜೀವಿಗಳನ್ನೂ ಸೋಸಿ ತಿನ್ನುತ್ತವೆ. ಉಬ್ಬರವೇರಿ ಕೆಸರು ಮುಳುಗುವ ತನಕವೇ ಅವುಗಳ ಊಟದ ವೇಳೆ.

ನನ್ನ ಕೈಯಲ್ಲಿ ಎರವಲು ತಂದ ಕ್ಯಾಮರಾ ಇತ್ತು. ಹಾರುವ ಚಿತ್ರ ಬೇಕೆಂದು ಜೋರಾಗಿ ಚಪ್ಪಾಳೆ ತಟ್ಟಿದೆ. ಹಿಂಡೆಲ್ಲ ಎದ್ದುಹೋಯಿತು. ಚಿತ್ರವೂ ಮಸುಕಾಯಿತು. ಉಣ್ಣುವವರನ್ನು ಎಲೆಯ ಮುಂದಿನಿಂದ ಎಬ್ಬಿಸಬಾರದೆಂದು ಮನೆಯಲ್ಲಿ ಕಲಿತವನು ನಾನು! ದೂರದ ಪಯಣಕ್ಕೆ ಮೈಯಲ್ಲಿ ಕೊಬ್ಬು ಕೂಡಿಸುವ ಹಕ್ಕಿಗೆ ಆ ಹಾರಾಟ ಬರಿಯ ನಷ್ಟ.

ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು (1896–1987) ಈ ಮುಂಬಯಿಯವರೇ. ಬಾಲ್ಯದಲ್ಲಿ ತಾವೇ ಹೊಡೆದ ಗುಬ್ಬಿಯ ಜಾತಿ ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಮುಂದೆ ಹಕ್ಕಿಗಳಿಗಾಗಿಯೇ ಬಾಳಿದರು. ತಪ್ಪಿನಿಂದಲೂ ಕಣ್ಣು ತೆರೆಯುತ್ತದೆ.

ಬರುವ ರವಿವಾರ ಮತ್ತೆ ಹೋಗುತ್ತೇವೆ. ಇಳಿತದ ವೇಳೆಯನ್ನು ಫಲಕದಲ್ಲಿ ಬರೆದಿದೆ. ರೈಲಿನ ಟಿಕೇಟು ಸಾಕು, ಕ್ಯಾಮರಾ ಇಲ್ಲದಿದ್ದರೂ ನಡೆದೀತು. ಸುಮ್ಮನೆ ನಿಲ್ಲುವ ತಾಳ್ಮೆಯೊಂದನ್ನು ಮರೆಯದೆ ತನ್ನಿರಿ.