ನೋವು ಬಂತೆಂದರೆ ಗಡಿಯಾರ ನೋಡಿ



ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಬರುವುದು ನಮ್ಮಲ್ಲಿ ರೂಢಿ. ಹಾಸನದಿಂದ ಸುಮಾರು 10 ಕಿಲೋಮೀಟರ್ ದೂರದ ಕೊರವಂಗಲದಂಥ ಊರಿನಲ್ಲಿ ಅಪ್ಪ ಅಮ್ಮ ಹೊಲಕ್ಕೆ ಹೋಗಿದ್ದಾಗ ತುಂಬು ಬಸುರಿ ಅಕ್ಕನ ಜೊತೆಗಿರುವವರು ನೀವೇ ಆಗಿರಬಹುದು. ಅಕ್ಕ ಹೊಟ್ಟೆನೋವು ಎಂದರೆ, ಅದು ಹೆರಿಗೆ ನೋವೇ ಎಂದು ತಿಳಿಯುವುದು ಹೇಗೆ?

ಪಾವಗಡದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದವರು. ಅಂಥ ಅನುಭವ ಎಲ್ಲ ಮನೆಗಳಲ್ಲೂ ಇರುವುದಿಲ್ಲ. ಆದರೆ ಗಡಿಯಾರ ಇದ್ದೇ ಇರುತ್ತದೆ.

ಕೊನೆಯ ತಿಂಗಳುಗಳಲ್ಲಿ ಗರ್ಭಕೋಶ ಆಗಾಗ ಬಿಗಿಯಾಗಿ ಸಡಿಲವಾಗುವುದು ಸಹಜ. ಇಂಗ್ಲೆಂಡಿನ ವೈದ್ಯ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ 1872ರಲ್ಲಿ ಇದನ್ನು ವಿವರಿಸಿದರು. ಈ ಸುಳ್ಳು ನೋವಿಗೆ ಕ್ರಮವಿಲ್ಲ. ನಾಲ್ಕು ಹೆಜ್ಜೆ ನಡೆದರೆ, ನೀರು ಕುಡಿದು ಮಲಗಿದರೆ ಸಾಮಾನ್ಯವಾಗಿ ಇಳಿದುಬಿಡುತ್ತದೆ.

ನಿಜವಾದ ನೋವು ಹಾಗಲ್ಲ. ಮಗುವಿನ ತಲೆ ಗರ್ಭಕೋಶದ ಬಾಯಿಯನ್ನು ಒತ್ತಿದಾಗ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಗರ್ಭಕೋಶ ಇನ್ನೂ ಜೋರಾಗಿ ಬಿಗಿಯುತ್ತದೆ, ತಲೆ ಇನ್ನಷ್ಟು ಒತ್ತುತ್ತದೆ. ಹೀಗೆ ಒಂದು ನೋವು ಮುಂದಿನ ನೋವಿಗೆ ಬಲ ಕೊಡುತ್ತದೆ. ಆದ್ದರಿಂದಲೇ ಅದು ನಡೆದರೂ ಮಲಗಿದರೂ ನಿಲ್ಲದು. ಹಲವರಿಗೆ ಸೊಂಟದಿಂದ ಆರಂಭವಾಗಿ ಹೊಟ್ಟೆಗೆ ಬರುತ್ತದೆ.

ಒಂದು ಕಾಗದ ತೆಗೆದುಕೊಳ್ಳಿ. ನೋವು ಶುರುವಾದ ಹೊತ್ತು, ಅದು ಎಷ್ಟು ಸೆಕೆಂಡು ಇತ್ತು ಎಂಬುದನ್ನು ಬರೆಯುತ್ತಾ ಹೋಗಿ. 9 ಗಂಟೆಗೆ ಬಂದದ್ದು ಮತ್ತೆ 9-12ಕ್ಕೆ, 9-22ಕ್ಕೆ, 9-30ಕ್ಕೆ ಬಂದರೆ ಅಂತರ ಕಿರಿದಾಗುತ್ತಿದೆ ಎಂದರ್ಥ. 5 ನಿಮಿಷಕ್ಕೊಮ್ಮೆ, ಒಂದೊಂದು ಸಲ ಒಂದು ನಿಮಿಷದಷ್ಟು ಬರುವವರೆಗೆ ಕಾಯಬಹುದೆಂಬ ಲೆಕ್ಕ ಆಸ್ಪತ್ರೆ ಹತ್ತಿರವಿದ್ದವರಿಗೆ. ಹಳ್ಳಿಯಲ್ಲಿರುವ ನೀವು ಕ್ರಮ ಕಂಡೊಡನೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಮೊದಲೇ ಹೆತ್ತವರಿಗೆ ಹೆರಿಗೆ ಬೇಗ ಆಗುವುದುಂಟು, ಅವರ ವಿಷಯದಲ್ಲಿ ಇನ್ನೂ ಚುರುಕಾಗಿರಿ.

ರಕ್ತದ ಎಳೆಯಿರುವ ಲೋಳೆ ಹೋಗುವುದು ಇನ್ನೊಂದು ಸೂಚನೆ. ಆಮೇಲೆ ಹೆರಿಗೆ ಕೆಲವೇ ಗಂಟೆಗಳಲ್ಲಿ ಆಗಬಹುದು, ಕೆಲವು ದಿನ ತಡೆಯಲೂಬಹುದು.

ಆದರೆ ಕೆಲವು ಸಂದರ್ಭಗಳಲ್ಲಿ ಗಡಿಯಾರ ನೋಡುತ್ತ ಕೂರಬಾರದು. ನೋವಿಲ್ಲದಿದ್ದರೂ ನೀರು ಹೋದರೆ, ಅದರಲ್ಲೂ ನೀರು ಹಸಿರಾಗಿದ್ದರೆ, ರಕ್ತ ಹರಿದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ತೀವ್ರ ತಲೆನೋವು ಬಂದು ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, 37 ವಾರ ತುಂಬುವ ಮೊದಲೇ ನೋವು ಕ್ರಮವಾಗಿ ಬಂದರೆ, ಕೂಡಲೇ 108ಕ್ಕೆ ಫೋನ್ ಮಾಡಿ. 2008ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಈ ಸೇವೆಗೆ ಹಣ ಕೊಡಬೇಕಿಲ್ಲ. ಅಪ್ಪ ಬರಲಿ, ಅಮ್ಮ ಬರಲಿ ಎಂದು ಕಾಯಬೇಡಿ. ಮೊದಲು 108, ಆಮೇಲೆ ಅವರಿಗೆ ಸುದ್ದಿ.

ಇದು ಹೆಂಗಸರ ವಿಷಯ, ನಮಗೇಕೆ ಎಂದು ಹುಡುಗರು ಪುಟ ತಿರುವಬೇಡಿ. ಮನೆಯಲ್ಲಿ ಬಸುರಿಯಿದ್ದರೆ ತಾಯಿ ಕಾರ್ಡ್ ಎಲ್ಲಿದೆಯೆಂದು ಇಂದೇ ಕೇಳಿ ತಿಳಿದುಕೊಳ್ಳಿ. ಆಶಾ ಕಾರ್ಯಕರ್ತೆಯ ಫೋನ್ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.