ಮಂದ್ರದ ಓಟ

ಮಂದ್ರದ ದನಿಗೆ ಗಾಂಭೀರ್ಯ ಒಲಿಯುತ್ತದೆ, ಓಟ ಒಲಿಯದು ಎಂಬುದು ಸಾಮಾನ್ಯ ಎಣಿಕೆ. ಫ್ರಾನ್ಸಿನ ಬಾಸ್ ಗಾಯಕ ಪೋಲ್ ಪ್ಲಾಂಸೋನ್ ಇದನ್ನು ಹಾಡಿಯೇ ಅಲ್ಲಗಳೆದರು.

1851ರಲ್ಲಿ ಆರ್ಡೆನ್ ಸೀಮೆಯ ಫ್ಯೂಮೆಯಲ್ಲಿ ಹುಟ್ಟಿದ ಅವರು ಒಪೆರಾ ರಂಗವೇರಿದ್ದು 1877ರಲ್ಲಿ, ಲಿಯೋನ್ ನಗರದಲ್ಲಿ. 1883ರಲ್ಲಿ ಪ್ಯಾರಿಸ್ ಒಪೆರಾದಲ್ಲಿ ಗೂನೋ ಅವರ 'ಫೌಸ್ಟ್'ನ ಸೈತಾನನಾದರು. 1893 ಮತ್ತು 1908ರ ನಡುವೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಮೆರೆದರು. ಅವರ ಹಳೆಯ ಗ್ರಾಮಫೋನ್ ಮುದ್ರಿಕೆಗಳು ಇಂದಿಗೂ ಉಳಿದಿವೆ. ತೋಮಾ ಅವರ 'ಲ ಕಾಯಿದ್' ಒಪೆರಾದ ಹಾಡನ್ನು ಕೇಳಿ: ಕರಕರ ಸದ್ದಿನ ನಡುವೆಯೂ ವೇಗದ ಸ್ವರಗಳು ಪೋಣಿಸಿದ ಮುತ್ತಿನಂತೆ ಬಿಡಿಬಿಡಿಯಾಗಿ ಕೇಳುತ್ತವೆ.

ಆ ದನಿಯ ತೂಕ ಹುಟ್ಟಿನಿಂದ ಬಂದದ್ದು, ಚುರುಕು ಸಾಧಕದಿಂದ ಬಂದದ್ದು. 'ನನ್ನ ಸ್ವಭಾವವೇ ಹೀಗೆ' ಎಂದು ಕೈಚೆಲ್ಲುವ ಮುನ್ನ, ಆ ಸ್ವಭಾವದಿಂದ ಎಷ್ಟು ಸಾಧಕ ಮಾಡಿಸಿದ್ದೇವೆ ಎಂದು ಕೇಳಿಕೊಳ್ಳೋಣ.