ಬಂದಳಿಕೆ ಬಿತ್ತುವ ಪುಟಾಣಿ

ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಪ್ರಾಣಿ ಎಂದೊಡನೆ ನಮಗೆ ನೆನಪಾಗುವುದು ಆಸ್ಟ್ರೇಲಿಯಾದ ಕಾಂಗರೂ. ಅದರ ದೂರದ ನೆಂಟನೊಬ್ಬ ಚಿಲಿ ಮತ್ತು ಅರ್ಜೆಂಟೀನಾದ ತಂಪು ಮಳೆಕಾಡುಗಳಲ್ಲಿದ್ದಾನೆ. ಹೆಸರು ‘ಮೊನಿಟೊ ಡೆಲ್ ಮೊಂಟೆ’, ಅಂದರೆ ಬೆಟ್ಟದ ಪುಟ್ಟ ಕೋತಿ. ನೋಡಲು ಇಲಿಯಂತೆ, ತೂಕ ಸುಮಾರು 30 ಗ್ರಾಂ ಅಷ್ಟೇ.

ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಕೊಂಬೆಯಿಂದ ಕೊಂಬೆಗೆ ಓಡಾಟ. ಹುಳುಹುಪ್ಪಟೆ, ಹಣ್ಣುಗಳೇ ಊಟ. ಬಿದಿರೆಲೆಯನ್ನು ಸುತ್ತಿ, ಪಾಚಿ ಹೊದಿಸಿ ಗುಂಡನೆಯ ಗೂಡು ಕಟ್ಟುತ್ತದೆ. ಚಳಿಗಾಲಕ್ಕೆ ಮುನ್ನ ಬಾಲದ ಬುಡದಲ್ಲಿ ಕೊಬ್ಬು ಕೂಡಿಟ್ಟುಕೊಂಡು, ಮೈ ತಣ್ಣಗಾಗಿಸಿ ದೀರ್ಘ ನಿದ್ದೆಗೆ ಜಾರುತ್ತದೆ. ತಾಯಿಯ ಚೀಲದಲ್ಲಿರುವುದು ನಾಲ್ಕೇ ಮೊಲೆತೊಟ್ಟು. ಹಾಗಾಗಿ ಬದುಕುವುದೂ ಹೆಚ್ಚೆಂದರೆ ನಾಲ್ಕು ಮರಿ.

ನಮ್ಮೂರ ಮಾವಿನ ಮರದಲ್ಲಿ ಬಂದಳಿಕೆ ಹಬ್ಬಿಸುವುದು ಹಕ್ಕಿಗಳು. ಅಲ್ಲಿನ ಕಾಡಿನಲ್ಲಿ ಆ ಕೆಲಸ ಈ ಪುಟಾಣಿಯದು. ಹಣ್ಣು ನುಂಗಿ, ಅಂಟಂಟಾದ ಬೀಜವನ್ನು ಹಿಕ್ಕೆಯೊಡನೆ ಕೊಂಬೆಯ ಮೇಲೇ ಬಿಡುತ್ತದೆ. ಹೀಗೆ ಹೊಟ್ಟೆ ಹಾದು ಬಂದ ಬೀಜವೇ ಮೊಳೆಯುತ್ತದೆ ಎಂದು 2000ರಲ್ಲಿ ಅರ್ಜೆಂಟೀನಾದ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ತಿಳಿಸಿದರು. ಆ ಬಂದಳಿಕೆ ಚಳಿಗಾಲದಲ್ಲೂ ಹೂ ಬಿಡುತ್ತದೆ; ಬೇರೆ ಹೂವಿಲ್ಲದ ಆ ದಿನಗಳಲ್ಲಿ ಝೇಂಕಾರದ ಹಕ್ಕಿಗೆ ಅದರ ಮಕರಂದವೇ ಆಸರೆ.

ಚಿಲಿಯಲ್ಲಿ ಹಳೆಯ ಕಾಡು ಕಡಿದು ಪೈನ್ ಮತ್ತು ನಮಗೂ ಪರಿಚಿತವಾದ ನೀಲಗಿರಿ ತೋಪು ಬೆಳೆಸಿದ್ದಾರೆ. ಈ ಪ್ರಾಣಿಗೆ ಹಳೆಯ ಮರದ ಪೊಟರೆ ಬೇಕು, ಬಿದಿರೂ ಬೇಕು. ಕಾಡು ಹೋದರೆ ಇದೂ ಹೋಗುತ್ತದೆ. ಇದರ ಹಿಂದೆ ಬಂದಳಿಕೆ, ಅದರ ಹಿಂದೆ ಹಕ್ಕಿ.